ಆಯಿ ಕಟ್ಟಿದ ಲಿಂಬಿಹಣ್ಣು, ನನ್ನ ಕಟ್ಟಗಿ ವಿಮಾನ

ದೋಸ್ತರೇ, ಇವತ್ತು ಮುಂಜಾನಿ ಮಹಾಗಾಂವದಾಗ ನಮ್ಮ ಅಜ್ಜಿ, ಅಂದ್ರ ಆಯಿ ಕೂಡ ಜಗಳಾತು. ನಾ ಹಗುರು ಕಟ್ಟಗಿಲೆ ಮಾಡಿದ ರಿಮೋಟ್ ವಿಮಾನ ಮೊದಲನೇ ಸಲ ಹಾರಸಾಕ ಕಲಬುರಗಿಯಿಂದ ಬೈಕ್ ಮ್ಯಾಲ ಒಯ್ದಿದ್ನಿ. ತೊಗರಿ ಕೊಯ್ದ ಹೊಲ ಖಾಲಿ ಇತ್ತು. ನಾ ನೀರು ಕುಡದು ಬರೋದ್ರಾಗ ಆಯಿ ವಿಮಾನದ ಬಾಲಕ್ಕ ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿ ಕುಂತಿದ್ದಳು.

"ಆಯಿ, ಬಿಚ್ಚು! ಬಾಲ ಭಾರ ಆದ್ರ ಮ್ಯಾಲೆದ್ದು ಧಪ್ ಅಂತ ಬೀಳ್ತದ."

"ಹೊಸಾ ಗಾಡಿ ಅದನಪಾ, ದೃಷ್ಟಿ ಆಗ್ತದ. ಟ್ರ್ಯಾಕ್ಟರಿಗೆ ಕಟ್ಟಿಲ್ಲೇನು?"

"ಟ್ರ್ಯಾಕ್ಟರ್ ಹಾರ್ತದೇನು?"

"ಇದೂ ಇನ್ನಾ ಹಾರಿಲ್ಲಲ್ಲ!"

ಬಿಚ್ಚಿ ತಗದು, ರೆಕ್ಕಿ ಕೆಳಗ ಎರಡು ಬೆರಳು ಇಟ್ಟು ಎತ್ತಿ ನೋಡಿದ್ನಿ. ಲಿಂಬಿಹಣ್ಣು ತಗದ್ರೂ ಬಾಲ ಕೆಳಗೇ ಬಾಗ್ತು. ಬಾಲಕ್ಕ ಗೋಂದು, ಬಣ್ಣ ಜಾಸ್ತಿ ಬಡದಿದ್ನಿ. ತೂಕ ಸಮಾ ಮಾಡಾಕ ಮೂತಿಗೆ ಇಡೋ ಸೀಸದ ತುಂಡು ಕಲಬುರಗಿ ಮನ್ಯಾಗೇ ಬಿಟ್ಟು ಬಂದಿದ್ನಿ. ಹಂಗೇ ಹಾರಿಸಿದ್ರ ತಿಂಗಳಗಟ್ಲೆ ಕೆತ್ತಿದ್ದೆಲ್ಲಾ ಪುಡಿ ಪುಡಿ. ಮಾರಿ ಸಣ್ಣದು ಮಾಡ್ಕೊಂಡು ವಿಮಾನ ವಾಪಸ್ ಬೈಕಿಗೆ ಕಟ್ಟಾಕ ಹೊಂಟ್ನಿ.

"ಬಾಲಕ್ಕ ಬ್ಯಾಡಾದ್ರ ಮೂತ್ಯಾಗ ಇಡು," ಅಂದಳು ಆಯಿ.

ಮೋಟರ್ ಹಿಂದಿನ ಖಾನ್ಯಾಗ ಲಿಂಬಿಹಣ್ಣು ಇಟ್ಟು ಟೇಪ್ ಹಚ್ಚಿದ್ನಿ. ವಿಮಾನ ಬೆರಳ ಮ್ಯಾಲ ತಕ್ಕಡಿ ಹಂಗ ಸಮಾ ನಿಂತಿತು. ಬಿಟ್ಟ ಕೂಡಲೇ ಹಾರ್ತು, ಹೊಲದ ಮ್ಯಾಲ ಸುತ್ತು ಹೊಡದು ಮೆತ್ತಗ ಇಳೀತು.

ಈಗ ಆಯಿ ಓಣಿಗೆಲ್ಲಾ ಹೇಳಾಕತ್ತಾಳ, "ನನ್ನ ಲಿಂಬಿಹಣ್ಣಿಲೆ ಹಾರ್ತು ನೋಡ್ರಿ ಅದು."

ಸುಳ್ಳು ಅನ್ನಾಕೂ ಬರವಲ್ದು.