ತಲೆ ಮುಟ್ಟಿಸಿ ಮಾಡಿಸಿದ ಆಣೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮಗಳ ಜೊತೆ ನಾನು ಒಂದು ದಿನವೂ ಕೂತು ಮಾತಾಡಿದವಳಲ್ಲ. ವಿಜಯಪುರದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವಳು ನಾನು. ಯೆರವಡಾದ ಎರಡು ಕೋಣೆಯ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಸುತ್ತಲಿನ ಮನೆಗಳಿಗೆ ಕೊಡುತ್ತೇನೆ. ಮನೆಯವರು ಚಾಕಣದ ಕಾರ್ಖಾನೆಯೊಂದರಲ್ಲಿ ಕ್ಲರ್ಕು. ನಸುಕಿನಲ್ಲಿ ಕಂಪನಿ ಬಸ್ಸು ಹತ್ತಿದರೆ ಮನೆ ಮುಟ್ಟುವುದು ಕತ್ತಲಾದ ಮೇಲೆ. ಹೀಗಾಗಿ ಮಗಳಿಗೆ ಬುದ್ಧಿ ಹೇಳುವ ಕೆಲಸ ನನ್ನದೇ. ರೊಟ್ಟಿ ಬಡಿಯುತ್ತಲೇ, ಅವಳ ಮುಖ ನೋಡದೆಯೇ ಹೇಳುತ್ತಿದ್ದೆ. ಕೊನೆಗೆ ಹಿಟ್ಟಿನ ಕೈ ಒರೆಸಿಕೊಂಡು ಅವಳ ಬಲಗೈ ಎಳೆದು ನನ್ನ ನೆತ್ತಿಯ ಮೇಲೆ ಇಡಿಸಿಕೊಂಡು ಆಣೆ ಮಾಡಿಸುತ್ತಿದ್ದೆ. ಅಲ್ಲಿಗೆ ಮಾತು ಮುಗಿಯಿತು.

ಇದು ತವರಿನಿಂದ ಬಂದದ್ದು. ತಾಯಿಯ ತಲೆ ಮುಟ್ಟಿ ಆಡಿದ ಮಾತು ತಪ್ಪಿದರೆ ತಾಯಿ ಉಳಿಯುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು, ನಾನು ನಂಬಿದ್ದೆ. ಪುಣೆಯ ಹುಡುಗರು ‘ಆಯೀಚಿ ಶಪ್ಪತ್’ ಎಂದು ದಿನಕ್ಕೆ ನೂರು ಸಲ ತಾಯಿಯ ಮೇಲೆ ಆಣೆ ಹಾಕುತ್ತಾರೆ, ವಡಾಪಾವ್ ಖಾರ ಇದೆ ಅನ್ನುವುದಕ್ಕೂ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಮನೆಯ ಆಣೆ ಅಂಥದ್ದಲ್ಲ ಎಂದು ಚಿಕ್ಕಂದಿನಿಂದ ಮಗಳ ತಲೆಗೆ ತುಂಬಿದ್ದೆ. ಭಾರಿ ಜಾಣತನ ಮಾಡಿದೆ ಎಂದುಕೊಂಡಿದ್ದೆ, ನನ್ನ ಹಣೆಬರಹ.

ಅವಳಿಗೆ ಹದಿನಾರು ತುಂಬಿ ಜೂನಿಯರ್ ಕಾಲೇಜು ಸೇರಿದ ವಾರವೇ ನಮ್ಮ ಓಣಿಯ ಹುಡುಗಿಯೊಬ್ಬಳು ಗೆಳತಿಯ ಸ್ಕೂಟರಿನಿಂದ ಬಿದ್ದು ತಲೆ ಒಡೆದುಕೊಂಡಳು. ಮರುದಿನ ಬೆಳಿಗ್ಗೆಯೇ ಮಗಳನ್ನು ನಿಲ್ಲಿಸಿಕೊಂಡೆ. ಯಾರ ಗಾಡಿಯ ಹಿಂದೆಯೂ ಕೂರಬಾರದು, ಬಸ್ಸಿನಲ್ಲೇ ಹೋಗಬೇಕು, ಬಸ್ಸಿನಲ್ಲೇ ಬರಬೇಕು. ಅವಳು ಏನೋ ಕೇಳಲು ಬಾಯಿ ತೆರೆದಳು. ಬಸ್ಸು ತಪ್ಪಿದರೆ ಏನು ಮಾಡಲಿ ಎಂದೋ, ಗೆಳತಿಯರೆಲ್ಲ ಕರೆದರೆ ಏನು ಹೇಳಲಿ ಎಂದೋ ಇರಬೇಕು. ನನಗೆ ಅಷ್ಟು ಪುರಸೊತ್ತಿರಲಿಲ್ಲ. ‘ಮದಲ ತಲಿ ಮುಟ್ಟು,’ ಅಂದೆ. ಮುಟ್ಟಿದಳು.

ಎರಡು ತಿಂಗಳಾಗಿರಬಹುದು. ಸಂತೆಯಿಂದ ಬಸ್ಸಿನಲ್ಲಿ ಬರುತ್ತಿದ್ದಾಗ ಸಿಗ್ನಲ್ಲಿನಲ್ಲಿ ನನ್ನ ಕಿಟಕಿಯ ಪಕ್ಕವೇ ಒಂದು ಸ್ಕೂಟರು ಬಂದು ನಿಂತಿತು. ಒಂದೇ ಗಾಡಿಯ ಮೇಲೆ ಮೂರು ಹುಡುಗಿಯರು, ಒಬ್ಬಳಿಗೂ ಹೆಲ್ಮೆಟ್ಟಿಲ್ಲ. ಇಲ್ಲಿಯ ಹುಡುಗಿಯರು ಬಿಸಿಲು ಧೂಳಿಗೆಂದು ಕಣ್ಣಷ್ಟೇ ಕಾಣುವಂತೆ ಮುಖಕ್ಕೆಲ್ಲ ಸ್ಕಾರ್ಫು ಸುತ್ತಿಕೊಳ್ಳುತ್ತಾರೆ, ಇವರೂ ಹಾಗೇ ಇದ್ದರು. ನಾನು ತಲೆ ಹೊರಗೆ ಹಾಕಿ, ನಿಮ್ಮನ್ನು ಹೆತ್ತವರಿಗೆ ಬುದ್ಧಿ ಇಲ್ಲವೇ ಎಂದು ಮರಾಠಿಯಲ್ಲಿ ಸರಿಯಾಗಿ ಉಗಿದೆ. ನಡುವೆ ಕೂತವಳು ತಲೆ ತಗ್ಗಿಸಿದಳು. ಹಸಿರು ದೀಪ ಬೀಳುತ್ತಲೇ ನೀರಿನ ಟ್ಯಾಂಕರಿನ ಚಕ್ರಕ್ಕೆ ಉಜ್ಜಿಕೊಂಡ ಹಾಗೆ ನುಸುಳಿ ಹೋದರು. ನಾನು ಮನೆ ಮುಟ್ಟಿದಾಗ ಮಗಳು ಆಗಲೇ ಬಂದಿದ್ದಳು. ಅವಳಿಗೂ ಕಥೆ ಹೇಳಿ, ಯಾರ ಮನೆಯ ಪಿಶಾಚಿಗಳೋ ಎಂದೆ. ನೀರು ಕುಡಿಯುತ್ತಿದ್ದವಳು ಲೋಟ ಬಾಯಿಂದ ತೆಗೆಯಲಿಲ್ಲ.

ಸಂಕ್ರಾಂತಿ ಆದ ಮೇಲೆ ನನಗೆ ವಿಪರೀತ ರಕ್ತಸ್ರಾವ ಶುರುವಾಯಿತು. ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಮಧ್ಯಾಹ್ನ ಅಡ್ಡಾದರೆ ಮಗಳು ಸದ್ದಿಲ್ಲದೆ ಬಂದು ನನ್ನ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದಳು. ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದೆ. ಎಂಥ ಅಂತಃಕರಣ ನನ್ನ ಕೂಸಿನದು ಎಂದು ಒಳಗೊಳಗೇ ಉಬ್ಬಿಹೋಗುತ್ತಿದ್ದೆ. ಅವಳಿಗೆ ಊಟ ಸೇರುತ್ತಿರಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿದರೂ ಉದ್ದ ತೋಳಿನ ಅಂಗಿ ಬಿಡಲಿಲ್ಲ. ಇದೂ ಈಗಿನ ಫ್ಯಾಶನ್ನು ಎಂದು ಬೈದು ಸುಮ್ಮನಾದೆ.

ಸೋನೋಗ್ರಫಿ ಮಾಡಿಸಿದ ದಿನ ಡಾಕ್ಟರು, ಗರ್ಭಚೀಲದಲ್ಲಿ ಗಡ್ಡೆ ಇದೆ, ತೆಗೆಯಲೇಬೇಕು, ಪರೀಕ್ಷೆಗೆ ಕಳಿಸಿದ ಮೇಲೆಯೇ ಎಂಥದ್ದೆಂದು ಹೇಳಲಾಗುವುದು ಎಂದರು. ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಮೇಲಿನ ಹಲಗೆಯಿಂದ ಡಬ್ಬಿ ಇಳಿಸುತ್ತಿದ್ದಳು. ಅಂಗಿಯ ತೋಳು ಜಾರಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಕಿತ್ತು ಮಾಯ್ದ ಕಪ್ಪು ಕಲೆ. ಏನದು ಎಂದು ಕೇಳಿದೆ. ಕಾಲೇಜಿನಲ್ಲಿ ಜಾರಿಬಿದ್ದೆ ಎಂದಳು. ನನಗೆ ಎಲ್ಲಿತ್ತೋ ಸಿಟ್ಟು, ಆ ಕೈಯನ್ನೇ ಹಿಡಿದೆಳೆದೆ.

‘ತಲಿ ಮುಟ್ಟಿ ಹೇಳು.’

ಕಾದ ಹಂಚು ಮುಟ್ಟಿದವಳಂತೆ ಕೈ ಕಿತ್ತುಕೊಂಡು ಗೋಡೆಗೆ ಅಂಟಿ ನಿಂತಳು.

‘ಬ್ಯಾಡ ಅವ್ವಾ. ನಾ ಆಣಿ ಮುರದೀನಿ. ನಾನ ನಿನಗ ಹಿಂಗ ಮಾಡೀನಿ.’

ಆಮೇಲೆ ಒಂದೊಂದಾಗಿ ಹೇಳಿದಳು. ಮೊದಲ ಸಲ ಬಸ್ಸು ತಪ್ಪಿ, ಪರೀಕ್ಷೆಗೆ ತಡವಾಗುತ್ತದೆಂದು ಗೆಳತಿಯ ಗಾಡಿ ಹತ್ತಿದಳಂತೆ. ಒಮ್ಮೆ ಮುರಿದ ಮೇಲೆ ಹತ್ತು ಸಲ ಮುರಿದರೂ ಅಷ್ಟೇ ಎಂದುಕೊಂಡಳಂತೆ. ಅವತ್ತು ಸಿಗ್ನಲ್ಲಿನಲ್ಲಿ ನಡುವೆ ಕೂತವಳು ಇವಳೇ. ಸಂಕ್ರಾಂತಿಗೆ ಮುಂಚೆ ಕಬ್ಬು ಸಾಗಿಸುವ ದಿನಗಳಲ್ಲಿ ಸೋಲಾಪುರ ರಸ್ತೆಯಲ್ಲಿ ಗಾಡಿ ಉಸುಕಿನ ಮೇಲೆ ಜಾರಿ, ಇವಳು ರಸ್ತೆಯ ನಡುವಿನವರೆಗೆ ಉಜ್ಜಿಕೊಂಡು ಹೋಗಿ ಬಿದ್ದಳು. ಕಬ್ಬಿನ ಲಾರಿಯೊಂದು ಅವಳ ತಲೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಡ್ರೈವರ್ ಕೆಳಗಿಳಿದು ನೀರು ಕೊಟ್ಟು, ಮನೆಗೆ ಫೋನು ಮಾಡು ಎಂದು ತನ್ನ ಫೋನು ಚಾಚಿದ. ನಂಬರು ನೆನಪಿಲ್ಲ ಎಂದಳಂತೆ ನನ್ನ ಮಗಳು. ಹೋಟೆಲಿನ ನಲ್ಲಿಯಲ್ಲಿ ಕೈ ತೊಳೆದು, ಸ್ಕಾರ್ಫು ಸುತ್ತಿಕೊಂಡು, ಬಸ್ಸು ಹತ್ತಿ ಬಂದು ನಾನು ಬಡಿಸಿದ ರೊಟ್ಟಿ ತಿಂದಳು. ಆ ಮುಂದಿನ ತಿಂಗಳೇ ನನಗೆ ಜಡ್ಡು ಶುರುವಾದದ್ದು. ಅವಳು ಲೆಕ್ಕ ಹಾಕಿಬಿಟ್ಟಿದ್ದಳು.

ಫೋನು ಯಾಕೆ ಮಾಡಲಿಲ್ಲ ಎಂದು ಕೇಳಿದೆ.

‘ಮಾಡಿದ್ರ ಮುರದದ್ದು ನಿನಗ ಗೊತ್ತಾಗ್ತಿತ್ತು. ಗೊತ್ತಾದ ಕೂಡ್ಲೇ ನಿನಗ ಏನರ ಆದ್ರ?’

ಲಾರಿಯ ಗಾಲಿಯ ಮುಂದೆ ಬಿದ್ದಾಗಲೂ ಈ ಹುಡುಗಿ ನನ್ನ ಜೀವ ಕಾಯುತ್ತಿದ್ದಳು. ಅವಳ ಜೀವ ಉಳಿಯಲಿ ಎಂದು ನಾನು ಕಟ್ಟಿದ ಬೇಲಿ ಅವಳನ್ನು ನನ್ನಿಂದಲೇ ಹೊರಗಿಟ್ಟಿತ್ತು. ಥೂ ನನ್ನ ಜನ್ಮಕ್ಕೆ ಎಂದು ಗೋಳೋ ಎಂದು ಅತ್ತೆ. ಇನ್ನು ಆಣೆ ಮಾಡಿಸುವುದಿಲ್ಲ, ಅದೆಲ್ಲ ಸುಳ್ಳು, ನಿನ್ನನ್ನು ಹೆದರಿಸಲು ಹೇಳಿದ್ದು ಎಂದೆ. ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. ಆಗ ಖರೇ ಅಂದಿ, ಈಗ ಸುಳ್ಳು ಅಂತಿ, ಯಾವುದನ್ನು ನಂಬಲಿ ಎಂದು ಕೇಳಿದಳು.

ಆಪರೇಶನ್ನಿನ ದಿನ ನನಗೆ ನನ್ನ ಸಾವಿನ ಹೆದರಿಕೆ ಆಗಲೇ ಇಲ್ಲ. ನಾನು ಹೊರಗೆ ಬರದಿದ್ದರೆ ಇವಳು ಬದುಕಿರುವವರೆಗೆ ತಾಯಿಯನ್ನು ಕೊಂದವಳಾಗಿಯೇ ಉಳಿಯುತ್ತಾಳೆ. ಅದೊಂದೇ ಹೆದರಿಕೆ. ಬಾಗಿಲ ಬಳಿ ಸ್ಟ್ರೆಚರ್ ನಿಲ್ಲಿಸಲು ಹೇಳಿದೆ. ನನಗೇನಾದರೂ ಆದರೆ ಅದು ಗಡ್ಡೆಯಿಂದ, ನಿನ್ನಿಂದಲ್ಲ, ತಿಳಿಯಿತೇ ಎಂದೆ. ತಲೆ ಆಡಿಸಿದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

ಗಡ್ಡೆ ಕೆಟ್ಟದ್ದಲ್ಲ ಎಂದು ರಿಪೋರ್ಟು ಬಂತು. ಮನೆಯವರು ಪೇಢೆ ತಂದರು. ಮಗಳು ರಿಪೋರ್ಟನ್ನು ಎರಡು ಸಲ ಓದಿ, ಮಡಚಿ ಇಟ್ಟು, ‘ಈ ಸಲ ಉಳಿದಿ,’ ಎಂದಳು.

ಈಗ ಅವಳು ಎಲ್ಲವನ್ನೂ ಹೇಳುತ್ತಾಳೆ. ನಾನು ಒಲೆ ಆರಿಸಿ, ಎದುರಿಗೆ ಕೂತು ಕೇಳುತ್ತೇನೆ. ನಾಲಿಗೆ ತುದಿಗೆ ಬಂದ ಬೈಗುಳವನ್ನು ನುಂಗಿಕೊಂಡು ‘ಮುಂದ?’ ಎನ್ನುತ್ತೇನೆ. ಆದರೆ ಹೇಳಿದ ಮೇಲೆ ಅವಳು ಎದ್ದು ಹೋಗುವುದಿಲ್ಲ, ನನ್ನ ಬಣ್ಣ ಬದಲಾಗುವುದೋ ಎಂದು ನೋಡುತ್ತ ಕೂರುತ್ತಾಳೆ. ಅದಕ್ಕೇ ಬಿಪಿ ಗುಳಿಗೆ ತಪ್ಪಿಸುವುದಿಲ್ಲ ನಾನು. ಮನೆಯವರ ಸ್ಕೂಟರಿನ ಹಿಂದೆ ಹೆಲ್ಮೆಟ್ಟು ಹಾಕಿ ಕೂರುತ್ತೇನೆ. ಕೆಮ್ಮು ಬಂದರೆ ಬಚ್ಚಲಿಗೆ ಹೋಗಿ ಕೆಮ್ಮುತ್ತೇನೆ.

ಮೊನ್ನೆ, ಹಡಪಸರದಿಂದ ಗೆಳತಿಯ ಗಾಡಿಯಲ್ಲಿ ಬಂದೆ, ನಡುವೆ ಬ್ರೇಕು ಹಿಡಿಯಲಿಲ್ಲ ಎಂದು ಹೇಳಿದಳು. ನಾನು ನಕ್ಕಂತೆ ಮಾಡಿದೆ. ಮುಂದೆ ಏನೇ ಆಗಲಿ, ಎಷ್ಟೇ ದೊಡ್ಡದಾಗಲಿ, ಮೊದಲು ನನಗೇ ಹೇಳುತ್ತೀಯಲ್ಲ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು.

‘ನೀ ಆರಾಮ ಇದ್ರ ಹೇಳ್ತೀನಿ ಅವ್ವಾ,’ ಎಂದಳು.