ನಲವತ್ತು ಎಣಿಕೆಯ ಬೆಳಕು

1998ರಲ್ಲಿ ನಾನು ನಮ್ಮ ಭಾಗದಲ್ಲಿ ಊರೂರು ತಿರುಗುತ್ತಿದ್ದ ನಾಟಕ ತಂಡವೊಂದರ ರಂಗ ನಿರ್ವಾಹಕನಾಗಿದ್ದೆ. ಸೈಡ್‌ವಿಂಗಿನಲ್ಲಿ ನಿಂತು ಪರದೆ, ಬೆಳಕು, ಸಂಗೀತಗಳಿಗೆ ವೇಳೆಗೆ ಸರಿಯಾಗಿ ಆಜ್ಞೆ ಕೊಡುವುದು ನನ್ನ ಕೆಲಸ. ಆ ಆಜ್ಞೆಗೆ ‘ಕ್ಯೂ’ ಎಂದು ಹೆಸರು. ಸ್ವತಃ ಏನನ್ನೂ ಮುಟ್ಟದಿರುವುದೇ ಹುದ್ದೆಯ ಘನತೆ ಎಂದು ನಂಬಿದ್ದೆ.

ಹಗರಿಬೊಮ್ಮನಹಳ್ಳಿಯ ಪ್ರದರ್ಶನದ ಮರುದಿನ ಲೈಟ್ ಆಪರೇಟರ್ ಪರಸಪ್ಪನಿಗೆ ಮಂಗನಬಾವು ಬಂತು. ಅಂದೇ ಸಂಜೆ ಹರಪನಹಳ್ಳಿಯಲ್ಲಿ ಆಟ. ನಲವತ್ಮೂರು ಕ್ಯೂಗಳೂ ಬಾಯಿಪಾಠವಿದ್ದವನು ನಾನೊಬ್ಬನೇ. ಹೀಗಾಗಿ ಡಿಮ್ಮರ್ ಬೋರ್ಡ್, ಅಂದರೆ ದೀಪಗಳನ್ನು ಏರಿಸಿ ಇಳಿಸುವ ಆರು ಲಿವರ್‌ಗಳ ಪೆಟ್ಟಿಗೆ, ನನ್ನ ಪಾಲಿಗೆ ಬಂತು.

ಅಂಜಿಕೆಯಿದ್ದದ್ದು ಕೊನೆಯ ಕ್ಯೂ ಬಗ್ಗೆ. ಮುದುಕಿಯ ಪಾತ್ರದ ನೀಲಮ್ಮ ಪ್ರಾಣ ಬಿಡುವಾಗ ಬೆಳಕು ನಲವತ್ತು ಎಣಿಸುವಷ್ಟು ಹೊತ್ತು ಇಳಿಯಬೇಕು. ಪರಸಪ್ಪ ಇಪ್ಪತ್ತಕ್ಕೇ ಕತ್ತಲು ಮಾಡುತ್ತಿದ್ದ. ಲಿವರ್ ಜಾರುತ್ತದೆ ಎನ್ನುತ್ತಿದ್ದ. ನಾನು ಅದನ್ನು ನೆಪವೆಂದು ದಾಖಲಿಸಿ ಹನ್ನೊಂದು ಮೆಮೊ ಕೊಟ್ಟಿದ್ದೆ.

ನೀಲಮ್ಮ ಬಣ್ಣ ಹಚ್ಚಿಕೊಳ್ಳುತ್ತಲೇ ಹೇಳಿದರು: “ಇವತ್ತೂ ಅರ್ಧಕ್ಕ ಆರಿಸಿದ್ರ, ನಾಳಿ ಕೊಟ್ಟೂರಿಗೆ ಬ್ಯಾರೆ ಮುದುಕೀನ ಹುಡುಕ್ಕೊಳ್ರಿ.”

ಆ ಪಾತ್ರದ ಮಾತುಗಳನ್ನು ಬಲ್ಲ ಬೇರೆ ಮುದುಕಿ ಐದು ತಾಲ್ಲೂಕುಗಳಲ್ಲಿ ಇರಲಿಲ್ಲ. ಕೂಡಲೇ ಬೋರ್ಡನ್ನು ಪರೀಕ್ಷಿಸಿದೆ. ಕೊನೆಯ ಕ್ಯೂಗೆ ಬೇಕಾದ ಆರನೇ ಲಿವರ್ ಅರ್ಧದವರೆಗೆ ಬಂದು ದಬಕ್ಕನೆ ಬಿತ್ತು. ಒಂದು ಕೈಯಲ್ಲಿ ಇಳಿಸುತ್ತ, ಇನ್ನೊಂದು ಕೈಯ ಹೆಬ್ಬೆರಳನ್ನು ಕೆಳಗೆ ಆನಿಸಿದರೆ ಮಾತ್ರ ನಿಲ್ಲುತ್ತಿತ್ತು. ಪರಸಪ್ಪನಿಗೆ ಇನ್ನೊಂದು ಕೈ ಎಲ್ಲಿತ್ತು? ‘ಆಟ ಮುಗಿಯುವವರೆಗೆ ಆಪರೇಟರು ಕ್ಯೂ ಶೀಟನ್ನು ಕೈಯಿಂದ ಕೆಳಗಿಡತಕ್ಕದ್ದಲ್ಲ’ ಎಂದು ಬರೆದು, ಸಹಿ ಹಾಕಿ, ಬೋರ್ಡಿಗೇ ಅಂಟಿಸಿದ ಮಹಾನುಭಾವ ನಾನೇ.

ಆರೂವರೆಗೆ ಆಟ. “ಒಂದನೇ ಕ್ಯೂ, ರೆಡಿ” ಎಂದು ಗಂಭೀರವಾಗಿ ಪಿಸುಗುಟ್ಟಿ ಕಾದೆ. ಆಪರೇಟರು ‘ರೆಡಿ’ ಎನ್ನದೆ ‘ಗೋ’ ಕೊಡಬಾರದು. ಅದೂ ನನ್ನದೇ ನಿಯಮ. ರಂಗ ಕತ್ತಲಲ್ಲೇ ಉಳಿಯಿತು. ಪ್ರವೇಶಕ್ಕೆ ನಿಂತಿದ್ದ ನೀಲಮ್ಮ ನನ್ನ ಕಿವಿಯ ಹತ್ತಿರ ಬಂದರು.

“ಸಾಹೇಬ್ರ, ಉತ್ತರಾನೂ ನೀವ ಕೊಡಬೇಕ್ರಿ ಇವತ್ತು.”

ಅಲ್ಲಿಂದ ಮುಂದೆ ಆಜ್ಞೆಯೂ ನನ್ನದು, ವಿಧೇಯತೆಯೂ ನನ್ನದು. ನಲವತ್ತೆರಡು ಕ್ಯೂ ಸುಸೂತ್ರವಾಗಿ ಸಾಗಿದವು.

ಕೊನೆಯದಕ್ಕೆ ಶೀಟನ್ನು ನೆಲದ ಮೇಲಿಟ್ಟು ನಿಯಮ ಮುರಿದೆ. ನೀಲಮ್ಮನ ಉಸಿರು ನೋಡುತ್ತ ಎಣಿಸಿದೆ. ಇಪ್ಪತ್ತಕ್ಕೆ ಲಿವರ್ ಜಿಗಿಯಲು ನೋಡಿತು, ಹೆಬ್ಬೆರಳು ತಡೆಯಿತು. ಮೂವತ್ತಕ್ಕೆ ಅವರ ಮುಖವಷ್ಟೇ ಉಳಿಯಿತು. ನಲವತ್ತಕ್ಕೆ ಅದೂ ಇಲ್ಲ. ಕೆಮ್ಮುವವರೂ ಕೆಮ್ಮಲಿಲ್ಲ. ಆಮೇಲೆ ಬಿದ್ದ ಚಪ್ಪಾಳೆಗೆ ಸೂರಿನ ಪಾರಿವಾಳಗಳೆಲ್ಲ ಎದ್ದವು.

ನೀಲಮ್ಮ ಸೀದಾ ಬೋರ್ಡಿನ ಬಳಿ ಬಂದರು. “ಹದಿನೆಂಟು ಆಟ ಆದುವ್ರಿ. ಇವತ್ತ ನನ್ನ ಪೂರ್ತಿ ಸಾಯಾಕ ಬಿಟ್ರಿ. ನಾಳಿ ಬಸ್ಸಿಗೆ ಎಷ್ಟೊತ್ತಿಗೆ ಬರ್ಲಿ?”

ಲಿವರ್ ಮುಟ್ಟದವನು ಅದರ ಬಗ್ಗೆ ನಿಯಮ ಬರೆಯಬಾರದು ಎಂಬುದನ್ನು ವೃತ್ತಿ ನನಗೆ ಹರಪನಹಳ್ಳಿಯಲ್ಲಿ ಕಲಿಸಿತು. ಕೊಟ್ಟೂರಿಗೆ ಹೊರಡುವ ಮುನ್ನ ಬೋರ್ಡಿನ ಚೀಟಿ ಕಿತ್ತೆ. ಹನ್ನೊಂದು ಮೆಮೊಗಳನ್ನೂ ಹಿಂಪಡೆದಿದ್ದೇನೆಂದು ಹನ್ನೆರಡನೆಯ ಮೆಮೊ ಬರೆದು, ಸಹಿ ಹಾಕಿ, ಪರಸಪ್ಪನಿಗೆ ಕಳಿಸಿದೆ.