ಆ ಗೋಲು ಆಗಿತ್ತಂತೆ!

"ಏ ಹೆಜ್ಜೇನು! ನೀನಾ ಮಾರಾಯ, ಇಲ್ಲಿ?"

ದುಬೈನ ಸಿಲಿಕಾನ್ ಓಯಸಿಸ್ ಬಡಾವಣೆಯ ಮೈದಾನದಲ್ಲಿ ಬೂಟಿನ ಲೇಸ್ ಕಟ್ಟುತ್ತಿದ್ದ ನಾನು ಬೆಚ್ಚಿಬಿದ್ದೆ. ಗುಂಪಾಗಿ ಮೇಲೆ ಬೀಳುತ್ತೇವೆಂದು ಮಂಗಳೂರಿನ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಆ ಹೆಸರಿಟ್ಟವರು ಪಕ್ಕದ ಕಾಲೇಜಿನವರು. ಅವರಿಗೆ ನಾವಿಟ್ಟದ್ದು 'ಏಡಿಗಳು'. ಎದುರಿಗಿದ್ದವನು ಆ ಏಡಿಗಳ ಗೋಲ್‌ಕೀಪರ್ ನೌಫಲ್!

ಆಗಿನ ಅಂತರಕಾಲೇಜು ಫೈನಲ್‌ನಲ್ಲಿ ನಾನು ಹೊಡೆದ ಚೆಂಡು ಗೆರೆ ದಾಟಲೇ ಇಲ್ಲವೆಂದು ವಾದಿಸಿ ಗೆದ್ದವನು ಇವನೇ. ಆಮೇಲೆ ನಾನು ಗೋಲು ಆಗಿತ್ತು ಎಂದರೆ ನಮ್ಮ ತಂಡದವರೂ ನಗುತ್ತಿದ್ದರು.

ಗ್ಲೌಸ್ ಹಾಕುತ್ತಾ ನೌಫಲ್ ತಾನಾಗಿ ಹೇಳಿದ: "ಅದು ಗೋಲೇ ಮಾರಾಯ. ಒಳಗಿಂದ ಎಳ್ಕೊಂಡದ್ದು ನಾನು."

"ಆಗ ಹೇಳ್ಲಿಕ್ಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ನಮ್ಮವ್ರು ನನ್ನನ್ನು ಬಿಡ್ತಿದ್ರಾ?" ಎಂದವನು ಅರಬ್ಬಿಯಲ್ಲೇ ಅವಸರಿಸಿದ: "ಯಲ್ಲಾ, ಬಾ, ಆಡುವ."

ಇಷ್ಟು ವರ್ಷ ಕಾದಿದ್ದ ಮಾತು ಸಿಕ್ಕಿತು, ಖುಷಿಯೂ ಆಯಿತು. ಆದರೆ ಇವನೂ ಒಪ್ಪಿಕೊಂಡ ಮೇಲೆ ಆ ಗೋಲಿಗಾಗಿ ಜಗಳವಾಡಲು ಇನ್ನು ಯಾರೂ ಉಳಿದಿಲ್ಲವಲ್ಲ ಅನಿಸಿ, ಆ ಸಂಜೆಯಿಡೀ ಕಾಲೇಜು ಬಹಳ ನೆನಪಾಯಿತು.